ದಿನ್ನಿ ಮಣ್ಣು ಹೇರುವ ಮುನ್ನ

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗ ಒಂದು ಚಿತ್ರ ತೋರಿಸಿದ. ಕಣ್ಣು ಹಾಯುವಷ್ಟು ದೂರ ದಟ್ಟ ಕಾಡು. ಗಿಡಗಳ ನೆತ್ತಿ ದಾಟಿ ಎದ್ದು ನಿಂತ ಕಲ್ಲಿನ ಗೋಪುರ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಟಿಕಾಲ್ ಎಂಬ ಹಾಳೂರಂತೆ, ಮಾಯಾ ಜನ ಕಟ್ಟಿದ್ದಂತೆ.

"ಅಜ್ಜಾ, ಇಂಥಾ ಊರು ಒಂದ್ಸಲ ನೋಡಬೇಕು" ಅಂದ.

"ಅಷ್ಟು ದೂರ ಯಾಕಪಾ, ವಳಕಮದಿನ್ನಿಯಿಂದ ಮಸ್ಕಿಗೆ ಹೋಗಿ ಬರೋಣ ಬಾ" ಅಂದೆ.

ಹುಡುಗ ನಕ್ಕ. "ಅಲ್ಲೇನೈತಿ, ಬರೇ ಗುಡ್ಡ."

ಅವನ ಮೇಲೆ ಸಿಟ್ಟು ಬರಲಿಲ್ಲ. ಬಹಳ ವರ್ಷ ನಾನೂ ಹಾಗೇ ತಿಳಿದಿದ್ದೆ. ತಿಳಿದದ್ದಷ್ಟೇ ಅಲ್ಲ, ಒಂದು ತಪ್ಪನ್ನೂ ಮಾಡಿದ್ದೇನೆ. ಆ ತಪ್ಪು ಈಗ ನಮ್ಮ ಸೀಮೆಯಲ್ಲಿ ಬಂಡಿ ಲೆಕ್ಕದಿಂದ ಟಿಪ್ಪರ್ ಲೆಕ್ಕಕ್ಕೆ ಏರಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರಿನಲ್ಲೇ ದಿನ್ನಿ

ನಮ್ಮ ಕಡೆ ಊರ ಹೆಸರು ನೋಡ್ರಿ: ವಳಕಮದಿನ್ನಿ, ಮಾರಲದಿನ್ನಿ, ಪಗಡದಿನ್ನಿ, ಬುದ್ದಿನ್ನಿ. ದಿನ್ನಿ ಅಂದರೆ ಎತ್ತರದ ನೆಲ, ದಿಬ್ಬ. ಎಲ್ಲ ದಿನ್ನಿಯೂ ಹಾಳೂರಲ್ಲ. ಕೆಲವು ಬರೀ ಏರು ನೆಲ. ಆದರೆ ಕೆಲವು ದಿಬ್ಬಗಳ ಮೇಲೆ ಒಂದು ದೊಡ್ಡ ಮಳೆ ಆದ ಮರುದಿನ ಅಡ್ಡಾಡಿದರೆ ಗೊತ್ತಾಗುತ್ತದೆ. ಕರಿ, ಕೆಂಪು ಗಡಿಗೆಯ ಚೂರು, ಸವೆದ ಬೀಸುವ ಕಲ್ಲು, ಎಲುಬಿನ ತುಂಡು, ಬೂದಿ ಬಣ್ಣದ ಮಣ್ಣು. ಇವು ತಾವಾಗೇ ಎದ್ದ ದಿಬ್ಬ ಅಲ್ಲ. ಮಣ್ಣಿನ ಮನೆ ಬಿದ್ದು, ಅದರ ಮೇಲೆ ಇನ್ನೊಂದು ಕಟ್ಟಿ, ಅದೂ ಬಿದ್ದು, ತಿಪ್ಪೆ, ಒಲೆ ಬೂದಿ, ದನದ ಸೆಗಣಿ ಎಲ್ಲಾ ಸೇರಿ ನೂರಾರು ವರ್ಷದಲ್ಲಿ ಬೆಳೆದ ದಿಬ್ಬ.

ಈ ಮಣ್ಣಿನ ಗುಣ ರೈತನಿಗೆ ಬಹಳ ಹಿಂದೆಯೇ ಗೊತ್ತು. ಸುಮಾರು ನಲವತ್ತು ವರ್ಷದ ಹಿಂದೆ ನಮ್ಮಪ್ಪನ ಜೊತೆ ನಾನೂ ಹಾಳೂರು ದಿಬ್ಬ ಕಡಿದು ಬಂಡಿಗೆ ಹೇರಿದ್ದೇನೆ. ಎರಡು ಬೇಸಿಗೆ ಹೇರಿದೆವು. ಆ ವರ್ಷ ಆ ತುಣುಕು ಹೊಲದ ಜೋಳ ಎದ್ದು ಕಾಣುತ್ತಿತ್ತು. ಸುಳ್ಳು ಹೇಳುವುದಿಲ್ಲ, ಮಣ್ಣಿನಲ್ಲಿ ಸಾರ ಇತ್ತು. ಜನ, ದನ ಬಹಳ ಕಾಲ ಬಾಳಿದ ನೆಲದಲ್ಲಿ ರಂಜಕ ಉಳಿದಿರುತ್ತದೆ. ಹಳೇ ಊರು ಎಲ್ಲಿತ್ತೆಂದು ಹುಡುಕುವ ಸಂಶೋಧಕರೂ ಮಣ್ಣಿನ ರಂಜಕ ನೋಡಿ ಗುರುತು ಹಿಡಿಯುವುದುಂಟು.

ಕಡಿಯುವಾಗ ಒಂದು ನುಣುಪಾದ ಕರಿ ಕಲ್ಲು ಸಿಕ್ಕಿತು. ಒಂದು ತುದಿ ಚೂಪು, ಇನ್ನೊಂದು ತುದಿ ಮೊಂಡು. ಕೈಯಲ್ಲಿ ಹಿಡಿದರೆ ಸರಿಯಾಗಿ ಕೂರುತ್ತಿತ್ತು. ಅಪ್ಪ ಅದನ್ನು ಗುಡಿಸಲ ಮೂಲೆಯಲ್ಲಿಟ್ಟರು, ಮುಂದೆ ಎಲ್ಲಿಗೆ ಹೋಯಿತೋ ನೆನಪಿಲ್ಲ. ಅದು ಕಲ್ಲಿನ ಕೊಡಲಿ, ಕಬ್ಬಿಣ ಬರುವುದಕ್ಕೂ ಮುಂಚೆ ಇಲ್ಲಿ ಬಾಳಿದವರ ಸಾಮಾನು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಮಸ್ಕಿ ಗುಡ್ಡಕ್ಕೆ ಹೋದೆವು

ಮೊಮ್ಮಗನನ್ನು ಕರೆದುಕೊಂಡು ಮಸ್ಕಿಗೆ ಹೋದೆ. ಅಶೋಕನ ಶಾಸನದ ಬಂಡೆ ತೋರಿಸಿದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತ ಈ ಸೀಮೆ ಅಲೆಯುವಾಗ ಈ ಬರಹ ಅವರ ಕಣ್ಣಿಗೆ ಬಿತ್ತು. ಚಿನ್ನ ಹುಡುಕಿದವರಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತು ಅನ್ನಬೇಕು. ಅಲ್ಲಿಯವರೆಗೆ ದೇಶದ ಬಂಡೆ, ಕಂಬಗಳ ಮೇಲೆಲ್ಲ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದಷ್ಟೇ ಓದಲು ಸಿಕ್ಕಿತ್ತು. ಆ ಬಿರುದಿನ ಜೊತೆ ಅಶೋಕ ಎಂಬ ಹೆಸರು ಮೊದಲು ಕಂಡದ್ದು ನಮ್ಮ ಮಸ್ಕಿಯ ಬಂಡೆ ಮೇಲೆ. ದೇಶದ ಇತಿಹಾಸ ಪುಸ್ತಕದ ಒಂದು ಗಂಟು ಬಿಚ್ಚಿದ್ದು ಇಲ್ಲಿ.

ಆ ಬರಹದ ತಾತ್ಪರ್ಯ ಕೇಳಿದಾಗ ನನಗೆ ಇನ್ನೂ ಹೆಚ್ಚು ಹಿಡಿಸಿತು. ಒಳ್ಳೇ ದಾರಿಯ ಫಲ ದೊಡ್ಡವರಿಗೆ ಮಾತ್ರ ಅಂತ ತಿಳಿಯಬಾರದು, ಸಣ್ಣವನೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಹುದು ಎಂಬುದು ಅದರ ಸಾರ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಮಾತು. ಸಣ್ಣ ಹಿಡುವಳಿದಾರನಿಗೇ ಹೇಳಿದಂತಿದೆ.

ಆದರೆ ರಾಜ ಬರೆಸಿದ ಬಂಡೆ ನೋಡಿ ತಿರುಗಿ ಬಂದರೆ ಮಸ್ಕಿ ನೋಡಿದಂತಾಗಲಿಲ್ಲ. ಆ ಬಂಡೆ ಸುತ್ತಲಿನ ನೆಲವೇ ದೊಡ್ಡ ಹಾಳೂರು. 1954ರಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಬಿ. ಕೆ. ಥಾಪರ್ ಇಲ್ಲಿ ಅಗೆದು ನೋಡಿದಾಗ ಪದರದ ಮೇಲೆ ಪದರ ಕಂಡಿತು. ಕೆಳಗೆ ಕಲ್ಲಿನ ಕೊಡಲಿ ಮತ್ತು ತಾಮ್ರದ ಕಾಲ, ಅದರ ಮೇಲೆ ಕಬ್ಬಿಣ ಮತ್ತು ಕಲ್ಲುಗೋರಿಗಳ ಕಾಲ, ಅದರ ಮೇಲೆ ಅಶೋಕನ ಆಚೀಚಿನ ಕಾಲ, ಇನ್ನೂ ಮೇಲೆ ನಡುಗಾಲ. 2025ರಲ್ಲಿ ಅಮೆರಿಕ, ಕೆನಡಾ ಮತ್ತು ಭಾರತದ ಸಂಶೋಧಕರು ಕೂಡಿ ಅಗೆದಾಗ ಸುಮಾರು 4000 ವರ್ಷದ ಹಿಂದೆ ಇಲ್ಲಿ ಜನ ನೆಲೆಸಿದ್ದ ಗುರುತು ಸಿಕ್ಕಿದ್ದು ಪತ್ರಿಕೆಗಳಲ್ಲಿ ಬಂತು. ಅಂದರೆ ಅಶೋಕನ ಕಡೆಯವರು ಬರಹ ಕೆತ್ತಲು ಬಂದಾಗಲೇ ಮಸ್ಕಿ ಹಳೇ ಊರು!

ಹುಡುಗ ಸುಮ್ಮನೆ ನಿಂತು ನೋಡಿದ. "ಗೋಪುರ ಇಲ್ಲಲ್ಲ ಅಜ್ಜಾ" ಅಂದ. ಹೌದು, ಗೋಪುರ ಇಲ್ಲ. ನಮ್ಮವರು ಕಟ್ಟಿದ್ದು ಮಣ್ಣಿನ ಮನೆ, ದನದ ದೊಡ್ಡಿ. ಅದನ್ನು ಓದಬೇಕಾದರೆ ಮಣ್ಣನ್ನೇ ಓದಬೇಕು.

ಸೆಗಣಿ ಬರೆದ ಇತಿಹಾಸ

ಮಣ್ಣು ಓದುವುದು ಅಂದರೇನು ಅನ್ನುವುದಕ್ಕೆ ಬೂದಿ ದಿಬ್ಬಗಳೇ ಸಾಕ್ಷಿ. ಬಳ್ಳಾರಿ ಕಡೆ ಕುಡತಿನಿಯ ಬೂದಿ ದಿಬ್ಬ ಹೆಸರುವಾಸಿ. ನಿಂಬಾಪುರದ್ದನ್ನು ವಾಲಿಯನ್ನು ಸುಟ್ಟ ಬೂದಿ ಅಂತ ಜನ ಹೇಳುತ್ತಾರೆ. ಇದು ದನದ ಸೆಗಣಿ ಸುಟ್ಟ ಬೂದಿ ಎಂದು ಹತ್ತೊಂಬತ್ತನೇ ಶತಮಾನದಲ್ಲೇ ಭೂಗರ್ಭಶಾಸ್ತ್ರಿ ರಾಬರ್ಟ್ ಬ್ರೂಸ್ ಫೂಟ್ ಹೇಳಿದ್ದರು. ಎಲ್ಲರೂ ನಂಬಲಿಲ್ಲ. ಮುಂದೆ 1957ರಲ್ಲಿ ಮಹಬೂಬನಗರ ಸೀಮೆಯ ಉಟ್ನೂರಿನಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಗೆದಾಗ ದೊಡ್ಡಿಯ ಸುತ್ತ ನೆಟ್ಟ ಗೂಟದ ಕುಳಿಗಳು, ನೆಲದ ಮೇಲೆ ದನದ ಗೊರಸಿನ ಗುರುತುಗಳು ಸಿಕ್ಕವು. ಗೊರಸಿನ ಗುರುತು! ಅಷ್ಟು ಸಾವಿರ ವರ್ಷ ಕೆಡದೆ ಉಳಿದಿತ್ತು. ಅದೇ ಆಲ್ಚಿನ್ ನಮ್ಮ ಮುದಗಲ್ಲ ಹತ್ತಿರದ ಪಿಕಳಿಹಾಳದಲ್ಲೂ ಅಗೆದಿದ್ದಾರೆ. ಅಲ್ಲಿನ ಬಂಡೆಗಳ ಮೇಲೆ ಆ ಕಾಲದವರು ಬಿಡಿಸಿದ ಗೂಳಿಗಳಿವೆ. ಪಕ್ಕದ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ವರ್ಷಗಟ್ಟಲೆ ಕೆಲಸ ಮಾಡಿ ಬೂದಿ ದಿಬ್ಬದ ಪಕ್ಕದಲ್ಲೇ ಜನ ವಾಸ ಮಾಡಿದ್ದನ್ನು ತೋರಿಸಿದರು.

ಏನು ಬೆಳೆಯುತ್ತಿದ್ದರು ಎಂದು ತಿಳಿಯುವ ರೀತಿ ಇನ್ನೂ ಚೆಂದ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕುತ್ತಾರೆ. ಮಣ್ಣು ತಳಕ್ಕೆ ಕೂರುತ್ತದೆ, ಒಲೆಯಲ್ಲಿ ಸೀದು ಕರಿಯಾದ ಕಾಳು ತೇಲುತ್ತದೆ. ಬಿತ್ತನೆಗೆ ಮುಂಚೆ ಉಪ್ಪುನೀರಿನಲ್ಲಿ ಜೊಳ್ಳು ತೇಲಿಸಿ ತೆಗೆಯುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಬಳ್ಳಾರಿಯ ಸಂಗನಕಲ್ಲು ಮುಂತಾದ ಕಡೆ ಹೀಗೆ ತೇಲಿಸಿ ನೋಡಿದಾಗ ಸಿಕ್ಕದ್ದು ಹುರುಳಿ, ಹೆಸರು, ಕೊರಲೆಯಂಥ ಸಣ್ಣ ಕಾಳುಗಳು. ಮೂರು ನಾಲ್ಕು ಸಾವಿರ ವರ್ಷದ ಹಿಂದೆ ಈ ಒಣ ನೆಲದಲ್ಲಿ, ಕಾಲುವೆ ಇಲ್ಲದೆ, ನಮ್ಮವರು ಬೆಳೆದು ತಿಂದ ಕಾಳು!

ಈಗ ನಾನು ಬಂಡಿಗೆ ಹೇರಿದ ಮಣ್ಣನ್ನು ನೆನೆಯುತ್ತೇನೆ. ಅದರಲ್ಲಿ ಎಷ್ಟು ಕಾಳಿತ್ತೋ, ಎಂಥ ಗೊರಸಿನ ಗುರುತಿತ್ತೋ. ಜೋಳದ ಬುಡಕ್ಕೆ ಚೆಲ್ಲಿ ಕುಂಟೆ ಹೊಡೆದೆ.

ಟಿಕಾಲ್ ಯಾಕೆ ಹಾಳಾಯಿತು?

ಹಾಳೂರು ನೋಡಿದ ರೈತ ಮೊದಲು ಕೇಳುವ ಮಾತು ಒಂದೇ: ಇಷ್ಟು ಜನ ಏನು ಉಣ್ಣುತ್ತಿದ್ದರು, ನೀರು ಎಲ್ಲಿಂದ ತರುತ್ತಿದ್ದರು? ಮೊಮ್ಮಗನಿಗೆ ಅದನ್ನೇ ಕೇಳಿದೆ. ಅವನೂ ಓದಿದ, ನಾನೂ ಓದಿಸಿಕೊಂಡೆ.

ಟಿಕಾಲಿನಲ್ಲಿ ಹತ್ತಾರು ಸಾವಿರ ಜನ ಇದ್ದರು. ಮೆಕ್ಕೆಜೋಳ, ಅವರೆ ಜಾತಿಯ ಕಾಳು, ಕುಂಬಳ ಅವರ ಬೆಳೆ. ಮಳೆ ನಮಗಿಂತ ಸುಮಾರು ಮೂರು ಪಟ್ಟು. ಆದರೆ ಪಕ್ಕದಲ್ಲಿ ಹೊಳೆಯಿಲ್ಲ, ಕೆಳಗೆ ಸುಣ್ಣದ ಕಲ್ಲು, ಬಿದ್ದ ನೀರು ಇಂಗಿ ಹೋಗುತ್ತದೆ. ವರ್ಷದಲ್ಲಿ ಕೆಲವು ತಿಂಗಳು ಹನಿ ಬೀಳುವುದಿಲ್ಲ. ಅದಕ್ಕೇ ಊರ ನಡುವೆ ಕೆರೆ ಕಟ್ಟಿ, ತಳಕ್ಕೆ ಜೇಡಿ ಮೆತ್ತಿ, ಅಂಗಳದ ಗಚ್ಚಿನ ಮೇಲೆ ಬಿದ್ದ ಮಳೆಯನ್ನೆಲ್ಲ ಅಲ್ಲಿಗೆ ಹರಿಸಿದರು. ನೂರಾರು ವರ್ಷ ಅದರಿಂದಲೇ ಬಾಳಿದರು. ಅವರು ದಡ್ಡರಲ್ಲ.

ಒಂಬತ್ತನೇ ಶತಮಾನದಲ್ಲಿ ಆ ಸೀಮೆಗೆ ಮೇಲಿಂದ ಮೇಲೆ ಬರ ಬಿತ್ತು. ಅಲ್ಲಿನ ಕೆರೆಗಳ ತಳದ ಹೂಳನ್ನು ಪದರ ಪದರವಾಗಿ ತೆಗೆದು ಪರೀಕ್ಷಿಸಿ ಇದನ್ನು ಕಂಡುಕೊಂಡರು. ಬರದ ಜೊತೆ ಯುದ್ಧ, ಹೆಚ್ಚಿದ ಜನ, ಬೋಳಾದ ಕಾಡು ಎಲ್ಲಾ ಕೂಡಿದವು. 2020ರಲ್ಲಿ ಹೊರಬಂದ ಒಂದು ಅಧ್ಯಯನ ಇನ್ನೊಂದು ಸಂಗತಿ ಹೇಳಿತು: ಅರಮನೆ, ಗುಡಿಗಳ ಪಕ್ಕದ ಕೆರೆಗಳಲ್ಲಿ ಪಾದರಸದ ವಿಷ ಮತ್ತು ಕೆಟ್ಟ ಪಾಚಿ ತುಂಬಿತ್ತು. ಗೋಡೆಗೆ ಬಳಿದ ಇಂಗಲೀಕದ ಕೆಂಪು ಬಣ್ಣ ಮಳೆಯಲ್ಲಿ ತೊಳೆದು ಕೆರೆ ಸೇರಿತ್ತು. ನೀರಿದ್ದರೂ ಕುಡಿಯಲು ಬಾರದಂತಾಗಿತ್ತು. ಅಲ್ಲಿ ತೇದಿ ಹಾಕಿ ನಿಲ್ಲಿಸಿದ ಕೊನೆಯ ಕಲ್ಲು ಕ್ರಿ.ಶ. 869ರದು. ಮುಂದೆ ರಾಜರಿಲ್ಲ, ಊರಿಲ್ಲ, ಕಾಡು.

ಆದರೆ ಮಾಯಾ ಜನ ಸತ್ತು ಹೋಗಲಿಲ್ಲ, ಇದನ್ನು ಮರೆಯಬಾರದು. ಇವತ್ತಿಗೂ ಲಕ್ಷಾಂತರ ಜನ ಮಾಯಾ ಭಾಷೆ ಆಡುತ್ತ, ಮೆಕ್ಕೆಜೋಳ ಬೆಳೆಯುತ್ತ ಅಲ್ಲಿ ಬಾಳುತ್ತಿದ್ದಾರೆ. ರಾಜಧಾನಿ ಹಾಳಾಯಿತು, ಒಕ್ಕಲುತನ ಉಳಿಯಿತು. ನಮ್ಮ ಹಂಪಿಯೂ ಹಾಗೇ ಅಲ್ಲವೇ? 1565ರ ನಂತರ ಅರಮನೆ ಬಿದ್ದವು. ಆದರೆ ವಿಜಯನಗರ ಕಾಲದ ತುರ್ತಾ ಕಾಲುವೆ ಇವತ್ತಿಗೂ ಅದೇ ಹಾಳೂರಿನ ನಡುವೆ ಗದ್ದೆಗೆ ನೀರುಣಿಸುತ್ತಿದೆ. ರೈತರು ಬಿಡದೆ ಬಳಸಿದ್ದು ಉಳಿಯಿತು.

ಇದು ನಮಗೆ ಬರೀ ಕತೆಯಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಅಳತೆ 133 ಟಿಎಂಸಿ. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ ಒಂದು ಗೇಟು ಕಿತ್ತುಹೋದಾಗ ಸಿಂಧನೂರು, ಮಾನ್ವಿ ಕಡೆಯ ರೈತರ ಜೀವ ಬಾಯಿಗೆ ಬಂದದ್ದು ನೆನಪಿರಬೇಕು. ಕಾಲುವೆ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಎರೆ ನೆಲ ಸವುಳಾಗುತ್ತಿದೆ, ಕೊನೆ ಭಾಗಕ್ಕೆ ನೀರೇ ಬರುವುದಿಲ್ಲ. ಕಾಲುವೆ ಬಂದು ನಮಗೆ ಎಪ್ಪತ್ತು ವರ್ಷ. ಕಾಲುವೆ ಇಲ್ಲದೆ ಇದೇ ನೆಲದಲ್ಲಿ ಬಾಳಿದವರ ಅನುಭವ ಸಾವಿರಾರು ವರ್ಷದ್ದು. ಆ ಅನುಭವ ಬರೆದಿಟ್ಟ ಪುಸ್ತಕ ದಿನ್ನಿ ಮಣ್ಣು ಒಂದೇ. ಬೇರೆ ಪ್ರತಿ ಇಲ್ಲ.

ಬಂಡಿ ಹೋಗಿ ಜೆಸಿಬಿ ಬಂತು

ಮಾಯಾ ಸೀಮೆಯಲ್ಲೇ ನಡೆದ ಇನ್ನೊಂದು ಸಂಗತಿ ಕೇಳಿ. ಬೆಲೀಜ್ ಎಂಬ ಸಣ್ಣ ದೇಶದಲ್ಲಿ ನೋಹ್‌ಮುಲ್ ಅಂತ ಹಾಳೂರಿದೆ. ಅಲ್ಲಿ ಸುಮಾರು 2300 ವರ್ಷದ ಹಿಂದಿನ ದೊಡ್ಡ ಗೋಪುರ ಒಂದು ಮಣ್ಣು, ಗಿಡ ಮುಚ್ಚಿಕೊಂಡು ದಿಬ್ಬದಂತೆ ನಿಂತಿತ್ತು. ಜಾಗ ಖಾಸಗಿ, ಸುತ್ತಲೂ ಕಬ್ಬು. 2013ರ ಮೇ ತಿಂಗಳಲ್ಲಿ ರಸ್ತೆ ಕೆಲಸದವರು ರಸ್ತೆಗೆ ಗರಸು ಬೇಕೆಂದು ಯಂತ್ರ ತಂದು ಅದನ್ನು ಕಡಿದು ಹಾಕಿದರು. ನಡುವಿನ ಒಂದು ತುಂಡು ಮಾತ್ರ ಉಳಿಯಿತು. ಜಗತ್ತೆಲ್ಲಾ ಛೀ ಅಂದಿತು.

ನಮ್ಮ ದಿನ್ನಿ ಕರಗಿದರೆ ಯಾರೂ ಛೀ ಅನ್ನುವುದಿಲ್ಲ. ಯಾಕೆಂದರೆ ಅದಕ್ಕೆ ಗೋಪುರ ಇಲ್ಲ.

ಹಿಂದೆ ನಾವು ಬಂಡಿಯಲ್ಲಿ ಹೇರಿದ್ದು ತಪ್ಪೇ. ಆದರೆ ಎತ್ತಿಗೆ ದಣಿವಿತ್ತು, ಮನುಷ್ಯನ ಸೊಂಟಕ್ಕೆ ನೋವಿತ್ತು. ಒಂದು ಬೇಸಿಗೆಯಲ್ಲಿ ಒಂದು ಮೂಲೆ ಕರಗುತ್ತಿತ್ತು. ಈಗ ಒಂದು ಯಂತ್ರ, ನಾಲ್ಕು ಟಿಪ್ಪರ್ ಬಂದರೆ ದಿಬ್ಬ ಎರಡು ದಿನಕ್ಕೆ ಸಪಾಟು. ಹೋಗುವುದು ಹೊಲಕ್ಕಲ್ಲ, ಮನೆ ಬುನಾದಿಗೆ, ರಸ್ತೆ ಬದಿಗೆ, ಇಟ್ಟಿಗೆಗೆ. ಹೊಲದವನಿಗೆ ಟ್ರಿಪ್ಪಿಗೆ ಇಷ್ಟು ಅಂತ ಪುಡಿಗಾಸು, ಲಾಭ ಮಣ್ಣು ಮಾರುವವನಿಗೆ.

ಹೊಲಕ್ಕೆ ಹಾಕಿದರೂ ಎಷ್ಟು ವರ್ಷ ಬಂದೀತು? ನಮಗೆ ಬಂದದ್ದು ಎರಡು ಮೂರು ಬೆಳೆ. ಅದೂ ಬೂದಿ ಮಣ್ಣು ಕ್ಷಾರ. ಮೊದಲೇ ಸುಣ್ಣದ ಅಂಶ ಹೆಚ್ಚಿರುವ ಎರೆ ಹೊಲಕ್ಕೆ, ಅದರಲ್ಲೂ ಸವುಳು ಏಳುತ್ತಿರುವ ಹೊಲಕ್ಕೆ, ಬೂದಿ ಸುರಿಯುವುದು ಜಾಣತನವಲ್ಲ. ಕೆರೆ ಹೂಳು ಹೇರಿ. ಕೆರೆಗೂ ಒಳ್ಳೇದು, ಹೊಲಕ್ಕೂ ಒಳ್ಳೇದು, ಮತ್ತೆ ತುಂಬುತ್ತದೆ. ಡಯಂಚ, ಸೆಣಬು ಬಿತ್ತಿ ಮಗುಚಿ. ದಿನ್ನಿ ಮಾತ್ರ ಒಮ್ಮೆ ಹೋದರೆ ಮತ್ತೆ ತುಂಬುವುದಿಲ್ಲ.

ಹೆದರಿಕೆಯ ಮಾತು

ಇಷ್ಟೆಲ್ಲ ಹೇಳಿದರೆ ರೈತರು ಕೇಳುವ ಪ್ರಶ್ನೆ ನನಗೆ ಗೊತ್ತು. "ಗಡಿಗೆ ಚೂರು ಐತಿ ಅಂತ ಹೇಳಿದ್ರ ಸರಕಾರ ಹೊಲ ಕಸಗೊಂಡ್ರ?" ಈ ಹೆದರಿಕೆ ಸುಳ್ಳು ಅಂತ ತಳ್ಳಿಹಾಕಲಾರೆ. ಇದೇ ಹೆದರಿಕೆಯಿಂದ ಎಷ್ಟೋ ಜನ ಸಿಕ್ಕದ್ದನ್ನು ರಾತ್ರೋರಾತ್ರಿ ಮುಚ್ಚುತ್ತಾರೆ. ಹಾಗಾಗಿ ಕಾಯ್ದೆ ಏನು ಹೇಳುತ್ತದೆ ಅನ್ನುವುದು ತಿಳಿದಿರಲಿ.

ಹಳೇ ಸಾಮಾನು ಸಿಕ್ಕ ಮಾತ್ರಕ್ಕೆ ಹೊಲ ಸರಕಾರದ್ದಾಗುವುದಿಲ್ಲ. 1958ರ ಕೇಂದ್ರ ಕಾಯ್ದೆ ಪ್ರಕಾರ ಒಂದು ಜಾಗವನ್ನು ಸಂರಕ್ಷಿತ ಎಂದು ಸಾರಬೇಕಾದರೆ ಮೊದಲು ಎರಡು ತಿಂಗಳ ನೋಟಿಸು ಕೊಡಬೇಕು, ತಕರಾರು ಕೇಳಬೇಕು. ಸಂರಕ್ಷಿತ ಜಾಗ ಎಂದಾದ ಮೇಲೂ, ಒಂದು ಅಡಿಗಿಂತ ಆಳ ಅಗೆಯದ ಬೇಸಾಯಕ್ಕೆ ಅಡ್ಡಿಯಿಲ್ಲ ಎಂದು ಅದೇ ಕಾಯ್ದೆಯಲ್ಲಿದೆ. ಅಂದರೆ ಕುಂಟೆ, ಕೂರಿಗೆಗೆ ತೊಂದರೆಯಿಲ್ಲ, ಜೆಸಿಬಿಗೆ ತೊಂದರೆ. ಕಷ್ಟ ಇರುವುದು ಕಟ್ಟಡಕ್ಕೆ. 2010ರ ತಿದ್ದುಪಡಿಯ ಮೇಲೆ ಕೇಂದ್ರದ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ತನಕ ಅನುಮತಿ ಬೇಕು. ಸಣ್ಣ ಊರಿನ ಬಡವನಿಗೆ ಇದು ದೊಡ್ಡ ಹೊಡೆತ. ಊರವರ ಸಹಾಯ ಬೇಕೆನ್ನುವ ಸರಕಾರ ಇಂಥವರಿಗೆ ಬೇರೆ ಕಡೆ ಜಾಗ ಕೊಡಬೇಕು. ದಿನ್ನಿ ಇರುವ ಹೊಲದವನು ಅದನ್ನು ಕಡಿಯದೆ ಕಾಯುತ್ತಾನೆಂದರೆ ಅವನಿಗೆ ವರ್ಷಕ್ಕೆ ಇಷ್ಟು ಅಂತ ಕೊಡಬೇಕು. ಗಿಡ ಕಾಯುವವನಿಗೆ ಕೂಲಿ ಇದೆ, ನಾಲ್ಕು ಸಾವಿರ ವರ್ಷ ಕಾಯುವವನಿಗೆ ಯಾಕೆ ಬೇಡ? ಇದನ್ನು ನಾವು ರೈತರೇ ಕೇಳಬೇಕು.

ನಾವು ಮಾಡಬಹುದಾದದ್ದು

ಸರಕಾರ ಮಾಡುವ ತನಕ ಕಾಯುವುದು ಬೇಡ. ನಮ್ಮ ಕೈಲಿ ಆಗುವುದು ಇಷ್ಟಿದೆ.

ದಿನ್ನಿ ಮೇಲೆ ಎಂದಿನಂತೆ ಬಿತ್ತಿ, ಬೆಳೆಯಿರಿ. ಆಳ ಅಗೆಯಬೇಡಿ, ಮಣ್ಣು ಮಾರಬೇಡಿ. ಸಪಾಟು ಮಾಡುವ ಆಸೆ ಇದ್ದರೆ ದಿಬ್ಬದ ಸುತ್ತಲಿನ ನೆಲ ಸಪಾಟು ಮಾಡಿ, ದಿಬ್ಬ ಬಿಡಿ.

ಉಳುವಾಗ ಕಲ್ಲಿನ ಕೊಡಲಿ, ಮಣಿ, ಬರಹದ ಕಲ್ಲು ಸಿಕ್ಕರೆ ಎಲ್ಲಿ ಸಿಕ್ಕಿತು ಅನ್ನುವುದನ್ನು ಗುರುತು ಮಾಡಿ ಪಂಚಾಯತಿಗೆ, ಶಾಲೆ ಮಾಸ್ತರರಿಗೆ ತಿಳಿಸಿ. ಸಿಕ್ಕ ಜಾಗ ಗೊತ್ತಿಲ್ಲದ ಕಲ್ಲು ಬರೀ ಕಲ್ಲು. ನಮ್ಮಪ್ಪ ಗುಡಿಸಲ ಮೂಲೆಗೆ ಇಟ್ಟ ಕಲ್ಲಿನಂತೆ.

ನಿಧಿ ಆಸೆಗೆ ಅಮಾವಾಸ್ಯೆ ರಾತ್ರಿ ಅಗೆಯುವವರನ್ನು ಹೊಲಕ್ಕೆ ಬಿಡಬೇಡಿ. ಈ ದಿಬ್ಬಗಳಲ್ಲಿ ಇರುವುದು ಸೆಗಣಿ ಬೂದಿ, ಗಡಿಗೆ ಚೂರು. ಅದೇ ನಿಧಿ.

ಮಕ್ಕಳನ್ನು ಮಸ್ಕಿಗೆ, ಪಿಕಳಿಹಾಳಕ್ಕೆ ಕರೆದೊಯ್ಯಿರಿ. ಎಲ್ಲಾ ಒಂದೇ ದಿನದ ದಾರಿ. ಬುತ್ತಿ ಕಟ್ಟಿಕೊಂಡು ಹೋದರೆ ಖರ್ಚು ಬಸ್ಸಿನದಷ್ಟೇ.

ಮಸ್ಕಿಯಿಂದ ತಿರುಗಿ ಬರುವಾಗ ಬಸ್ಸಿನ ಕಿಟಕಿಯಿಂದ ಹುಡುಗ ಒಂದು ದಿಬ್ಬ ತೋರಿಸಿ ಕೇಳಿದ, "ಅಜ್ಜಾ, ಅದೂ ಹಾಳೂರೇನು?" ನನಗೆ ಗೊತ್ತಿರಲಿಲ್ಲ. "ಇರಬಹುದು, ಒಂದು ಮಳಿ ಆಗ್ಲಿ, ಹೋಗಿ ನೋಡೋಣ" ಅಂದೆ.

ಆ ದಿಬ್ಬ ಮಳೆಗಾಲದ ತನಕ ಅಲ್ಲೇ ಇರಬೇಕು. ನಾನು ಕೇಳುವುದು ಅಷ್ಟೇ.